ಮುಳಬಾಗಿಲಿನ ಬಂಡೆ, ಅರಿಯಲೂರಿನ ಕಡಲು

ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಗಳ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ



ಮುಳಬಾಗಿಲು ತಾಲ್ಲೂಕಿನ ನೆಲವನ್ನು ಎಷ್ಟೇ ಆಳಕ್ಕೆ ಅಗೆದರೂ ಹಾರುವ ಸರೀಸೃಪದ ಒಂದು ಎಲುಬಾಗಲಿ, ಕಡಲಜೀವಿಯ ಒಂದು ಚಿಪ್ಪಾಗಲಿ ಅಲ್ಲಿ ಸಿಗುವುದಿಲ್ಲ. ಹಾಗೆಂದು ಪಳೆಯುಳಿಕೆಯ ಪಾಠ ಈ ತಾಲ್ಲೂಕಿನ ಮಕ್ಕಳಿಗೆ ಸಂಬಂಧಪಡದ, ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಿಗಷ್ಟೇ ಸೇರಿದ ಕಥೆಯೆಂದು ತಿಳಿಯುವುದು ಸರಿಯಲ್ಲ. ಪಠ್ಯಪುಸ್ತಕದ ಪುಟದಲ್ಲಿ ಒಂದು ಚಿತ್ರ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ತಲೆಯಾಡಿಸುವ ಒಂದು ಡೈನೋಸಾರ್ ಮಾದರಿ, ಸಿನಿಮಾದಲ್ಲಿ ರೆಕ್ಕೆ ಬಡಿಯುವ ಒಂದು ಪ್ರಾಣಿ, ಇಷ್ಟರಲ್ಲಿಯೇ ಈ ವಿಷಯ ಮುಗಿದುಹೋಗುತ್ತಿರುವುದರಿಂದ, ತಮ್ಮ ಊರಿನ ಬಂಡೆಗೂ ಆ ಪ್ರಾಣಿಗಳಿಗೂ ನಡುವೆ ಇರುವ ನಿಜವಾದ ನಂಟು ವಿದ್ಯಾರ್ಥಿಗಳಿಗೆ ತಿಳಿಯದೆಯೇ ಉಳಿಯುತ್ತದೆ. ಆ ನಂಟನ್ನು ಅಧ್ಯಾಪಕರ ಗಮನಕ್ಕೆ ತರುವುದು, ತರಗತಿಯ ಪಾಠವನ್ನೂ ವರ್ಷಕ್ಕೊಮ್ಮೆ ನಡೆಯುವ ಶೈಕ್ಷಣಿಕ ಪ್ರವಾಸವನ್ನೂ ಅದಕ್ಕೆ ತಕ್ಕಂತೆ ರೂಪಿಸಬೇಕೆಂದು ಕೋರುವುದು ಈ ಪತ್ರದ ಉದ್ದೇಶ.

ಪಳೆಯುಳಿಕೆ ಎಂದರೆ ಹಿಂದೆ ಬದುಕಿದ್ದ ಜೀವಿಯ ದೇಹದ ಭಾಗ, ಅದರ ಅಚ್ಚು ಅಥವಾ ಅದು ಬಿಟ್ಟುಹೋದ ಗುರುತು ಕಲ್ಲಿನಲ್ಲಿ ಉಳಿದುಬಂದಿರುವುದು. ಸತ್ತ ಪ್ರಾಣಿ ಬಯಲಿನಲ್ಲಿ ಬಿದ್ದಿದ್ದರೆ ನರಿ, ಹದ್ದು, ಗೆದ್ದಲು, ಬಿಸಿಲು, ಮಳೆ ಎಲ್ಲವೂ ಸೇರಿ ಅದನ್ನು ಮುಗಿಸುತ್ತವೆ. ಅದು ಉಳಿಯಬೇಕಾದರೆ ಬೇಗನೆ ಕೆಸರು ಇಲ್ಲವೇ ಮರಳಿನಡಿ ಹೂತುಹೋಗಬೇಕು; ಆ ಕೆಸರಿನ ಮೇಲೆ ಮತ್ತಷ್ಟು ಕೆಸರು ಕೂತು, ಒತ್ತಡಕ್ಕೆ ಗಟ್ಟಿಯಾಗಿ ಕಣಶಿಲೆಯಾಗಬೇಕು; ಅಂತರ್ಜಲದಲ್ಲಿ ಕರಗಿದ ಖನಿಜಗಳು ಎಲುಬಿನ ಸೂಕ್ಷ್ಮರಂಧ್ರಗಳೊಳಗೆ ಇಳಿದು ಅದನ್ನು ಕಲ್ಲಾಗಿಸಬೇಕು. ಕಣಶಿಲೆಯೆಂದರೆ ನೀರು ಅಥವಾ ಗಾಳಿ ತಂದು ಹಾಕಿದ ಕಣಗಳು ಪದರ ಪದರವಾಗಿ ಕೂಡಿ ಆದ ಕಲ್ಲು. ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲು ಈ ಜಾತಿಗೆ ಸೇರಿದವು. ನದಿ ಕಡಲನ್ನು ಸೇರುವ ಜಾಗ, ಆಳವಿಲ್ಲದ ತೀರದ ನೀರು, ಅಲೆಯಿಲ್ಲದ ಹಿನ್ನೀರು, ಇಂಥ ಕಡೆಗಳಲ್ಲಿ ಕೆಸರಿನ ಪೂರೈಕೆ ನಿಲ್ಲುವುದೇ ಇಲ್ಲವಾದ್ದರಿಂದ ಹಳೆಯ ಕಡಲತೀರಗಳು ಪಳೆಯುಳಿಕೆಗಳ ಭಂಡಾರಗಳಾಗಿವೆ. ಕಡಲಜೀವಿಗಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಹೂತುಹೋದರೆ, ಮೀನು ಹಿಡಿಯಲು ನೀರಿನ ಮೇಲೆ ಹಾರಾಡುತ್ತಿದ್ದ ಸರೀಸೃಪಗಳು ನೀರಿಗೆ ಬಿದ್ದು ಅದೇ ಕೆಸರನ್ನು ಸೇರಿದವು; ಒಂದೇ ತೀರದ ಕಲ್ಲಿನಲ್ಲಿ ಶಂಖವೂ ರೆಕ್ಕೆಯ ಎಲುಬೂ ಒಟ್ಟಿಗೆ ಸಿಗುವುದಕ್ಕೆ ಇದೇ ಕಾರಣ.

ಮುಳಬಾಗಿಲಿನ ಬೆಟ್ಟ, ಆವಣಿಯ ಬೆಟ್ಟ, ದಾರಿಯುದ್ದಕ್ಕೂ ಎದ್ದು ನಿಂತ ಗುಂಡುಗಳು, ಜಲ್ಲಿ ಕ್ರಷರಿಗೆ ಹೋಗುವ ಕಲ್ಲು, ಇವೆಲ್ಲ ಗ್ರಾನೈಟ್ ಮತ್ತು ನೈಸ್ ಜಾತಿಯವು. ಗ್ರಾನೈಟ್ ಎಂಬುದು ನೆಲದಾಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ತಣಿದು ಹರಳುಗಟ್ಟಿದ ಅಗ್ನಿಶಿಲೆ. ನೈಸ್ ಎಂಬುದು ಅಪಾರ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ, ಕಪ್ಪು ಬಿಳುಪಿನ ಪಟ್ಟೆಗಳಾಗಿ ಮರುರೂಪ ಪಡೆದ ರೂಪಾಂತರ ಶಿಲೆ. ಕರಗಿದ ಪಾಕದೊಳಗೆ ಯಾವ ಜೀವಿಯೂ ಬದುಕಿರಲಾರದು, ಪಾಕಕ್ಕೆ ಸಿಕ್ಕಿದ ಯಾವ ಅವಶೇಷವೂ ಉಳಿಯಲಾರದು. ಇದು ಒಂದು ಕಾರಣವಾದರೆ, ಇದಕ್ಕಿಂತ ದೊಡ್ಡ ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಚಿಪ್ಪು ಮತ್ತು ಗಟ್ಟಿ ಕವಚಗಳುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅಂದರೆ ಮುಳಬಾಗಿಲಿನ ಬಂಡೆ ಹರಳುಗಟ್ಟಿ ತಣಿದಾಗ ಎಲುಬೆಂಬ ವಸ್ತುವೇ ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ‘ನಮ್ಮೂರಿನಲ್ಲಿ ಯಾಕೆ ಸಿಗುವುದಿಲ್ಲ’ ಎಂದು ವಿದ್ಯಾರ್ಥಿ ಕೇಳಿದಾಗ ಈ ಎರಡು ಕಾರಣಗಳನ್ನು ಬಿಡಿಸಿ ಹೇಳಿದರೆ ಶಿಲೆಗಳ ವರ್ಗೀಕರಣವೂ ಭೂಮಿಯ ಕಾಲಗಣನೆಯೂ ಬಾಯಿಪಾಠದ ಹಂಗಿಲ್ಲದೆ ಅರ್ಥವಾಗುತ್ತವೆ.

ಇದರ ಜೊತೆಗೆ ಮಕ್ಕಳ ಕಣ್ಣಿಗೆ ಪಳೆಯುಳಿಕೆಯಂತೆ ಕಾಣುವ ಆದರೆ ಪಳೆಯುಳಿಕೆಯಲ್ಲದ ಸಂಗತಿಗಳನ್ನೂ ತೋರಿಸಬೇಕಾಗುತ್ತದೆ. ಕಲ್ಲಿನ ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್ ಆಕ್ಸೈಡ್ ಕವಲೊಡೆದು ಹರಡಿದಾಗ ಜರೀಗಿಡದ ಎಲೆಯ ಅಚ್ಚಿನಂತೆಯೇ ಕಾಣುತ್ತದೆ. ಗ್ರಾನೈಟ್ ಬಂಡೆಯ ಸೀಳುಗಳಲ್ಲಿ ಮಳೆನೀರು ಇಳಿದು, ಮೂಲೆಗಳು ಮೊದಲು ಶಿಥಿಲವಾಗಿ, ಸಿಪ್ಪೆ ಸಿಪ್ಪೆಯಾಗಿ ಕಳಚಿ ಬಿದ್ದ ಮೇಲೆ ಒಳಗಿನ ಗಟ್ಟಿ ತಿರುಳು ಗುಂಡಗೆ ಉಳಿಯುತ್ತದೆ. ಅದನ್ನು ದೈತ್ಯ ಪ್ರಾಣಿಯ ಮೊಟ್ಟೆಯೆಂದು ಕಲ್ಪಿಸಿಕೊಳ್ಳುವುದು ಸುಲಭ. ಈ ತಪ್ಪು ಕೇವಲ ಮಕ್ಕಳದಲ್ಲ. ನಿಜವಾದ ಪಳೆಯುಳಿಕೆಗಳೇ ಹೇರಳವಾಗಿರುವ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ 2020ರಲ್ಲಿ ಕೆರೆಯ ಮಣ್ಣು ತೆಗೆಯುವಾಗ ಸಿಕ್ಕಿದ ಗುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು ಸುದ್ದಿಯಾದವು, ಅವು ಕಡಲಜೀವಿಯ ಸುತ್ತ ಗಟ್ಟಿಯಾದ ಕೆಸರಿನ ಉಂಡೆಗಳೆಂದು ತಜ್ಞರು ಆಮೇಲೆ ತಿಳಿಸಬೇಕಾಯಿತು. ಹೊರಗಿನ ಆಕಾರವನ್ನಷ್ಟೇ ನಂಬದೆ, ಕಲ್ಲಿನ ಜಾತಿ, ಅದರ ಒಳರಚನೆ, ಅದು ಸಿಕ್ಕ ಸ್ತರ ಇವುಗಳನ್ನು ಪರೀಕ್ಷಿಸಿ ಮಾತನಾಡುವ ಅಭ್ಯಾಸವನ್ನು ಎಳವೆಯಲ್ಲಿಯೇ ಬೆಳೆಸುವುದಕ್ಕೆ ಮುಳಬಾಗಿಲಿನ ಗುಂಡುಗಳಿಗಿಂತ ಒಳ್ಳೆಯ ಸಾಧನ ಬೇರೆ ಬೇಕಿಲ್ಲ.

ಎಲುಬಿಲ್ಲವೆಂದ ಮಾತ್ರಕ್ಕೆ ಕೋಲಾರ ಜಿಲ್ಲೆ ಕಡಲನ್ನೇ ಕಂಡಿಲ್ಲವೆಂದು ಹೇಳುವಂತಿಲ್ಲ. ಚಿನ್ನಕ್ಕೆ ಹೆಸರಾದ ಕೋಲಾರದ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದಕ್ಕೆ, ಕೆಲವೇ ಕಿ.ಮೀ. ಅಗಲದಲ್ಲಿ ಹಬ್ಬಿದ್ದು, ಅದರ ಬಹುಭಾಗ ಸುಮಾರು 270 ಕೋಟಿ ವರ್ಷಗಳ ಹಿಂದಿನ ಲಾವಾ ರೂಪಾಂತರಗೊಂಡು ಆದ ಕಪ್ಪು ಶಿಲೆ. ಕೆ.ಜಿ.ಎಫ್. ಪ್ರದೇಶದ ಪೆದ್ದಪಲ್ಲಿಯಲ್ಲಿರುವ ಇಂಥ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಈ ಮನ್ನಣೆ ಪಡೆದ ತಾಣಗಳು ಬೆರಳೆಣಿಕೆಯಷ್ಟು. ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಮತ್ತು ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾಗಳ ಸಾಲಿನಲ್ಲಿ ಪೆದ್ದಪಲ್ಲಿಯ ಹೆಸರೂ ಇದೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡು ಬರುವ ಶಾಲಾ ತಂಡಗಳು ತಮ್ಮದೇ ಜಿಲ್ಲೆಯ ಈ ಸ್ಮಾರಕದತ್ತ ತಿರುಗದಿರುವುದು ವಿಷಾದದ ಸಂಗತಿ.

ಪೆದ್ದಪಲ್ಲಿಯಲ್ಲಿಯೂ ಇರುವ ದಿಂಬುಲಾವಾ ಎಂದರೆ ನೀರಿನೊಳಗೆ ಉಕ್ಕಿದ ಲಾವಾ. ಕಡಲತಳದ ಬಿರುಕಿನಿಂದ ಹೊರಬಂದ ಕಾದ ಶಿಲಾರಸ ತಣ್ಣೀರು ತಾಗಿದ ಕೂಡಲೇ ಮೇಲ್ಮೈಯಲ್ಲಿ ಗಾಜಿನಂಥ ತೆಳು ಸಿಪ್ಪೆಯನ್ನು ಕಟ್ಟಿಕೊಳ್ಳುತ್ತದೆ, ಒಳಗಿನ ರಸ ಒತ್ತುತ್ತಲೇ ಇರುವುದರಿಂದ ಆ ಸಿಪ್ಪೆ ಉಬ್ಬಿ ಗುಂಡಗಾಗುತ್ತದೆ, ಕೊನೆಗೆ ಒಂದು ಕಡೆ ಒಡೆದು ಪಕ್ಕದಲ್ಲಿ ಇನ್ನೊಂದು ಉಬ್ಬು ಹುಟ್ಟುತ್ತದೆ. ಹೀಗೆ ಒಂದರ ಮೇಲೊಂದು ಕೂಡುವ ಉಬ್ಬುಗಳು ಮಂಡಿಯಲ್ಲಿ ಪೇರಿಸಿದ ರಾಗಿ ಮೂಟೆಗಳಂತೆ ಕಾಣುತ್ತವೆ: ಪ್ರತಿಯೊಂದರ ಮೇಲ್ಭಾಗ ಉಬ್ಬಿ ದುಂಡಗಿರುತ್ತದೆ, ಕೆಳಭಾಗ ತನ್ನಡಿಯ ಎರಡು ಉಬ್ಬುಗಳ ನಡುವಿನ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಆ ಚೂಪು ಯಾವ ದಿಕ್ಕಿಗಿದೆಯೆಂದು ನೋಡಿದರೆ, ಕೋಟ್ಯಂತರ ವರ್ಷಗಳಲ್ಲಿ ಮಡಿಚಿ ಮಗುಚಿದ ಶಿಲೆಯ ಮೂಲದ ಮೇಲ್ಮೈ ಯಾವುದು, ತಳ ಯಾವುದು ಎಂಬುದನ್ನು ಭೂವಿಜ್ಞಾನಿ ಹೇಳಬಲ್ಲ. ಕೋಲಾರದ ಶಿಲೆಗಳು ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಹಿಗ್ಗಿ ಚಪ್ಪಟೆಯಾಗಿರುವುದರಿಂದ ಈ ಆಕಾರ ಎಲ್ಲೆಡೆಯೂ ಮೊದಲ ನೋಟಕ್ಕೇ ಸಿಗಲಾರದು. ಆದರೆ ಅಂಚಿನ ಗಾಢ ಬಣ್ಣದ ಪಟ್ಟಿಯನ್ನು ಬೆರಳಿಂದ ಅನುಸರಿಸುತ್ತಾ ಹೋದ ವಿದ್ಯಾರ್ಥಿಗೆ, ಈಗ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ, ಕೊಳವೆಬಾವಿಯ ನೀರಿಗೂ ಪರದಾಡುವ ಈ ನೆಲ ಒಮ್ಮೆ ನೀರಿನಡಿ ಇತ್ತೆಂಬುದಕ್ಕೆ ಸಾಕ್ಷ್ಯ ಸಿಕ್ಕೇ ಸಿಗುತ್ತದೆ.

ಆ ಅತಿಪ್ರಾಚೀನ ನೀರಿನಲ್ಲಿ ಜೀವ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕದ ಒಳಗೇ ಇದೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯೇ ಮೊದಲಾದ ಕಡೆಗಳಲ್ಲಿ, ಸುಮಾರು 260 ಕೋಟಿ ವರ್ಷಗಳ ಹಿಂದಿನ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಚಾಪೆಯಂತೆ ಹಬ್ಬುವ ಸೂಕ್ಷ್ಮಜೀವಿಗಳು ತಮ್ಮ ಮೇಲೆ ಕೂತ ಕೆಸರನ್ನು ಹಿಡಿದಿಟ್ಟು, ಬೆಳಕಿಗಾಗಿ ಅದರ ಮೇಲೆ ಮತ್ತೆ ಬೆಳೆದು, ಹೀಗೆ ಪದರದ ಮೇಲೆ ಪದರ ಕಟ್ಟಿದ ರಚನೆಗೆ ಈ ಹೆಸರು. ಎಲುಬಿಲ್ಲದ, ಚಿಪ್ಪಿಲ್ಲದ, ಕಣ್ಣಿಗೆ ಕಾಣದ ಜೀವಿಗಳ ಈ ಕಟ್ಟಡ ಕರ್ನಾಟಕದ ಅತಿ ಹಳೆಯ ಪಳೆಯುಳಿಕೆಗಳಲ್ಲೊಂದು. ಡೈನೋಸಾರ್‌ನ ಅಬ್ಬರದ ಮುಂದೆ ಇದು ಸಪ್ಪೆಯೆನಿಸಬಹುದಾದರೂ, ಇಂದು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ಸೇರಿಸಿದ ಮೊದಲ ಜೀವಿಗಳು ಈ ಕುಲದವೆಂಬ ಕಾರಣಕ್ಕೆ ಇದರ ಮಹತ್ವ ಯಾವ ದೈತ್ಯ ಎಲುಬಿಗೂ ಕಡಿಮೆಯಲ್ಲ.

ಹಾರುವ ಸರೀಸೃಪಗಳ ಕಾಲ ಬಹಳ ಈಚಿನದು. ಟೆರೊಸಾರ್ ಎಂದು ಕರೆಯಲಾಗುವ ಈ ಪ್ರಾಣಿಗಳು ಸುಮಾರು 22 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಬದುಕಿದ್ದವು; ಅವು ಡೈನೋಸಾರ್‌ಗಳಲ್ಲ, ಹಕ್ಕಿಗಳ ಪೂರ್ವಜರೂ ಅಲ್ಲ, ಡೈನೋಸಾರ್‌ಗಳಿಗೆ ಹತ್ತಿರದ ಬೇರೊಂದು ಕವಲು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ರೆಕ್ಕೆ ಬಡಿದು ಹಾರಲು ಮೊದಲು ಕಲಿತವು ಇವೇ. ಇವುಗಳ ಮುಂಗಾಲಿನ ನಾಲ್ಕನೆಯ ಬೆರಳು ಮಾತ್ರ ಅತಿಯಾಗಿ ಉದ್ದಕ್ಕೆ ಬೆಳೆದು, ಅದರ ತುದಿಯಿಂದ ದೇಹದ ಪಕ್ಕದವರೆಗೆ ಹರಡಿದ ಚರ್ಮದ ಪೊರೆಯೇ ರೆಕ್ಕೆಯಾಗಿತ್ತು. ಬಾವಲಿಯ ರೆಕ್ಕೆಯಲ್ಲಿ ಹಲವು ಬೆರಳುಗಳು ಪೊರೆಯನ್ನು ಹಿಡಿದಿದ್ದರೆ ಟೆರೊಸಾರ್‌ನಲ್ಲಿ ಒಂದೇ ಬೆರಳು ಅದನ್ನು ಹೊತ್ತಿತ್ತು. ಹಾರಾಟಕ್ಕೆ ಹಗುರವಾಗಿರಲೆಂದು ಎಲುಬು ಪೊಳ್ಳಾಗಿ, ಅದರ ಗೋಡೆ ಅನೇಕ ಕಡೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದುದರಿಂದ, ಅಲೆ ಬಡಿಯುವ ಮರಳಿನಲ್ಲಿ ಅದು ಪುಡಿಯಾಗಿ, ಅಲುಗಾಡದ ನುಣ್ಣನೆಯ ಕೆಸರಿನಲ್ಲಿ ಮಾತ್ರ ಇಡಿಯಾಗಿ ಉಳಿದಿದೆ. ಜರ್ಮನಿಯ ಸೊಲ್ನ್‌ಹೋಫೆನ್ ಸುಣ್ಣಕಲ್ಲು ಅಂಥ ಹಿನ್ನೀರಿನ ಕೆಸರು. 1784ರಲ್ಲಿ ಕೊಲ್ಲೀನಿ ಮೊದಲು ವರ್ಣಿಸಿದ, 1801ರಲ್ಲಿ ಫ್ರಾನ್ಸಿನ ಕುವಿಯೆ ಹಾರುವ ಸರೀಸೃಪವೆಂದು ಗುರುತಿಸಿದ ಮಾದರಿ ಬಂದದ್ದು ಆ ಕಲ್ಲಿನಿಂದ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದ ಕುಸಿಯುವ ದಿಬ್ಬಗಳಲ್ಲಿ ಪಳೆಯುಳಿಕೆ ಆಯ್ದು ಮಾರಿ ಬದುಕುತ್ತಿದ್ದ ಮೇರಿ ಆ್ಯನಿಂಗ್ 1828ರಲ್ಲಿ ಇನ್ನೊಂದನ್ನು ಕಂಡುಹಿಡಿದಳು. ಕಾಲೇಜು ಮೆಟ್ಟಿಲು ಹತ್ತದ ಬಡ ಕುಟುಂಬದ ಹೆಣ್ಣುಮಗಳೊಬ್ಬಳು ಒಂದು ವಿಜ್ಞಾನದ ತಳಹದಿಗೆ ಕಲ್ಲು ಹೊತ್ತಳೆಂಬುದನ್ನು ಹಳ್ಳಿಶಾಲೆಯ ವಿದ್ಯಾರ್ಥಿನಿಯರಿಗೆ ತಪ್ಪದೆ ಹೇಳಬೇಕು.

ಈ ಪ್ರಾಣಿಗಳು ಲೋಕದ ಆಕಾಶದಲ್ಲಿದ್ದ ಕಾಲದ ಶಿಲೆ ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲಕ್ಕೆ ಸೇರಿದವು. ಉತ್ತರ ಕರ್ನಾಟಕದ ದಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆದರೆ ಇವೆರಡೂ ಬೆಂಕಿಯಿಂದ ಹುಟ್ಟಿದ ಕಲ್ಲುಗಳಾದ್ದರಿಂದ, ಕಲಬುರಗಿ ಭಾಗದಲ್ಲಿ ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಸಿಹಿನೀರಿನ ಸರೋವರಗಳ ಕೆಸರಿನಲ್ಲಿ ಸಣ್ಣ ಜೀವಿಗಳ ಚಿಪ್ಪುಗಳು ದೊರೆತಿರುವುದನ್ನು ಬಿಟ್ಟರೆ, ಆ ಯುಗದ ಕಡಲನ್ನು ಕಾಣಲು ಪೂರ್ವಕ್ಕೆ ಹೋಗಬೇಕು.

ಪೂರ್ವಕ್ಕೆ ಹೋಗುವ ದಾರಿ ಮುಳಬಾಗಿಲಿನವರಿಗೆ ಹೊಸದಲ್ಲ. ಆ ಕಡಲು ಅಲ್ಲಿಗೆ ಬಂದ ಬಗೆ ಹೀಗೆ. ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ಆಫ್ರಿಕಗಳು ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದು, ಸುಮಾರು 13 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾ ಭಾರತದ ಪೂರ್ವದಂಚಿನಿಂದ ಸೀಳಿಹೋದಾಗ, ಆ ಸೀಳಿನ ಉದ್ದಕ್ಕೂ ನೆಲ ಕುಸಿದು ತಗ್ಗುಗಳಾದವು. ಕೃಷ್ಣಾ–ಗೋದಾವರಿ, ಪಾಲಾರ್, ಕಾವೇರಿ ಎಂಬ ಹೆಸರಿನ ಶಿಲಾಜಲಾನಯನಗಳು ಈ ತಗ್ಗುಗಳೇ. ಪಶ್ಚಿಮದ ಎತ್ತರದ ಗ್ರಾನೈಟ್ ಮತ್ತು ನೈಸ್ ನೆಲವನ್ನು ಮಳೆ ಸವೆಸಿ, ಹೊಳೆಗಳು ಆ ಮರಳು ಕಲ್ಲುಗಳನ್ನು ಹೊತ್ತು ತಂದು ಈ ತಗ್ಗುಗಳಿಗೆ ಸುರಿದವು, ಕಡಲು ಆಗಾಗ ಒಳನುಗ್ಗಿ ಅದರ ಮೇಲೆ ತನ್ನ ಕೆಸರನ್ನೂ ಹಾಸಿತು. ಮುಳಬಾಗಿಲಿನ ಬಂಡೆ ಈ ಕಥೆಯೊಳಕ್ಕೆ ಬರುವುದು ಇಲ್ಲಿ: ಯಾವ ಎತ್ತರದ ನೆಲ ಸವೆದು ಪೂರ್ವ ತೀರದ ಜೀವಿಗಳನ್ನು ಹೂಳುವ ಕೆಸರಾಯಿತೋ ಆ ನೆಲದ ಭಾಗ ಈ ತಾಲ್ಲೂಕು. ನಂದಿಬೆಟ್ಟದ ಬಳಿ ಹುಟ್ಟಿ ಕೋಲಾರ ಜಿಲ್ಲೆಯನ್ನು ಹಾದು ಬೇತಮಂಗಲದ ಕೆರೆ ತುಂಬುವ ಪಾಲಾರ್ ಇಂದಿಗೂ ಅದೇ ದಿಕ್ಕಿಗೆ, ಅದೇ ಕೆಲಸ ಮಾಡುತ್ತಾ ಹರಿಯುತ್ತದೆ, ಹರಿದ ವರ್ಷಗಳಲ್ಲಿ. ಮುಳಬಾಗಿಲಿನಿಂದ ಚಿತ್ತೂರು, ರಾಣಿಪೇಟೆ, ಕಾಂಚೀಪುರದ ಮೂಲಕ ಚೆನ್ನೈಗೆ ಹೋಗುವ ಹಳೆಯ ಹೆದ್ದಾರಿ ಶ್ರೀಪೆರಂಬುದೂರಿನ ಬಳಿ ಹಾದುಹೋಗುವುದು ಆ ಪ್ರಾಚೀನ ತೀರದ ಮೇಲೆಯೇ. ಅಲ್ಲಿನ ತಿಳಿಬಣ್ಣದ ಜೇಡಿಗಲ್ಲಿನಲ್ಲಿ ಸೈಕಡ್ ಜಾತಿಯನ್ನು ಹೋಲುವ ಗಿಡಗಳ ಎಲೆಯಚ್ಚುಗಳೂ ಸುರುಳಿ ಚಿಪ್ಪಿನ ಕಡಲಜೀವಿಗಳಾದ ಅಮೊನೈಟ್‌ಗಳೂ ಒಂದೇ ಸ್ತರಸಮೂಹದಲ್ಲಿ ಸಿಗುತ್ತವೆ, ನೆಲ ಮುಗಿದು ನೀರು ತೊಡಗುವ ಜಾಗ ಅದೆಂಬುದಕ್ಕೆ ಅದೇ ಪುರಾವೆ. ಈ ಸ್ತರಗಳನ್ನು 19ನೇ ಶತಮಾನದಲ್ಲಿ ಅಭ್ಯಸಿಸಿ ಬರೆದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. ಕರ್ನಾಟಕದ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರನ್ನು ಕೊಟ್ಟವರೂ 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ.

ಮುಳಬಾಗಿಲಿನಿಂದ ನೇರ ಗೆರೆಯಲ್ಲಿ ಸುಮಾರು 240 ಕಿ.ಮೀ. ದಕ್ಷಿಣಕ್ಕಿರುವ ಅರಿಯಲೂರು, ಪೆರಂಬಲೂರು ಸೀಮೆಯಾದರೋ ದಕ್ಷಿಣ ಭಾರತದ ಕ್ರಿಟೇಷಿಯಸ್ ಕಡಲಿನ ಮಹಾ ದಾಖಲೆ. ಕ್ರಿಟೇಷಿಯಸ್ ಎಂದರೆ 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನವರೆಗಿನ, ಡೈನೋಸಾರ್ ಮತ್ತು ಟೆರೊಸಾರ್‌ಗಳ ಕೊನೆಯ ಯುಗ. ಮದ್ರಾಸಿನ ಸಿವಿಲ್ ಸೇವೆಯಲ್ಲಿದ್ದ ಕೇ ಮತ್ತು ಕನ್ಲಿಫ್ ಎಂಬಿಬ್ಬರು 1840ರ ಆಸುಪಾಸಿನಲ್ಲಿ ಇಲ್ಲಿಂದ ಆಯ್ದು ಕಳಿಸಿದ ಚಿಪ್ಪುಗಳನ್ನು ಎಡ್ವರ್ಡ್ ಫೋರ್ಬ್ಸ್ ಲಂಡನ್ನಿನಲ್ಲಿ ಪರೀಕ್ಷಿಸಿ 1846ರಲ್ಲಿ ಪ್ರಕಟಿಸಿದರು. ಹೆನ್ರಿ ಬ್ಲ್ಯಾನ್‌ಫರ್ಡ್ ಸೀಮೆಯನ್ನೆಲ್ಲ ಸುತ್ತಿ ಊಟ್ಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ಸ್ತರಗಳನ್ನು ವಿಂಗಡಿಸಿ 1862ರಲ್ಲಿ ಬರೆದ ವರದಿಯ ಚೌಕಟ್ಟು ಇವತ್ತಿಗೂ ಬಳಕೆಯಲ್ಲಿದೆ. ಆ ವರ್ಷವೇ ಭಾರತಕ್ಕೆ ಬಂದ ಮೊರಾವಿಯದ ಫರ್ಡಿನಾಂಡ್ ಸ್ಟೊಲಿಚ್ಕಾ ಈ ಪಳೆಯುಳಿಕೆಗಳ ಮೇಲೆ ದೊಡ್ಡ ಸಂಪುಟಗಳನ್ನೇ ಹೊರತಂದು, ಮಧ್ಯ ಏಷ್ಯಾದ ಯಾತ್ರೆಯಿಂದ ಮರಳುವಾಗ 1874ರಲ್ಲಿ ಲಡಾಖಿನಲ್ಲಿ ತೀರಿಕೊಂಡರು. ಮುಂದೆ ಸರ್ವೇಕ್ಷಣ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ಎಂ.ಎಸ್. ಕೃಷ್ಣನ್ 1940ರಲ್ಲಿ ಇದೇ ಸೀಮೆಯ ಸಾತನೂರಿನಲ್ಲಿ ಗುರುತಿಸಿದ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರ ಇಂದು ಸಂರಕ್ಷಿತ ಉದ್ಯಾನದಲ್ಲಿದೆ. ಕಡಲಿನ ಕೆಸರಿನಲ್ಲಿ ಮಲಗಿರುವ ಈ ಮರ ತೀರದ ಕಾಡಿನಿಂದ ತೇಲಿ ಬಂದದ್ದು.

ಇದೇ ಸೀಮೆಯ ಕಾರೈ ಗ್ರಾಮದ ಹೊರವಲಯದ ಬೋಳು ಜೇಡಿದಿಬ್ಬಗಳಿಗೆ ಎಂಥ ಪುಸ್ತಕವೂ ಸಾಟಿಯಲ್ಲ. ಮಳೆನೀರು ಕೊರೆದ ಕೊರಕಲುಗಳ ನಡುವೆ ಕಂದು, ಬೂದು ಬಣ್ಣದ ಜೇಡಿ. ಅದನ್ನು ಅಡ್ಡಡ್ಡ ಸೀಳಿದ, ಬಿಸಿಲಿಗೆ ಹೊಳೆಯುವ ಜಿಪ್ಸಮ್ ಎಳೆಗಳು. ಕಾಲಬುಡದಲ್ಲಿಯೇ ಬೆರಳುದ್ದದ, ಒಂದು ತುದಿ ಚೂಪಾದ, ಜೇನುಬಣ್ಣದ ಕಲ್ಲಿನ ಕಡ್ಡಿಗಳು. ಇವು ಬೆಲೆಮ್ನೈಟ್‌ಗಳು, ಇಂದಿನ ಸ್ಕ್ವಿಡ್‌ಗಳನ್ನು ಹೋಲುತ್ತಿದ್ದ ಕಡಲಜೀವಿಯ ದೇಹದೊಳಗಿನ ಗಟ್ಟಿ ಭಾಗ. ಮುರಿದ ಕಡ್ಡಿಯ ತುದಿಯನ್ನು ನೋಡಿದರೆ ನಡುವಿನಿಂದ ಹೊರಕ್ಕೆ ಹರಡಿದ ಹರಳಿನ ಕಿರಣಗಳು ಬರಿಗಣ್ಣಿಗೇ ಕಾಣುತ್ತವೆ. ಅವುಗಳ ಜೊತೆಯಲ್ಲಿ ಸಿಗುವ ಅಮೊನೈಟ್ ಸ್ಕ್ವಿಡ್, ಅಷ್ಟಪದಿಗಳ ಬಂಧು. ಅದರ ಸುರುಳಿ ಚಿಪ್ಪಿನ ಒಳಗೆ ಅಡ್ಡಗೋಡೆಗಳಿದ್ದು, ಪ್ರಾಣಿ ಬೆಳೆದಂತೆ ಹಿಂದಿನ ಕೋಣೆಯನ್ನು ಮುಚ್ಚಿ ಮುಂದಿನ ದೊಡ್ಡ ಕೋಣೆಗೆ ಸರಿಯುತ್ತಿತ್ತು, ಖಾಲಿಯಾದ ಕೋಣೆಗಳಲ್ಲಿ ಅನಿಲ ತುಂಬಿಕೊಂಡು ನೀರಿನಲ್ಲಿ ತೇಲುತ್ತಿತ್ತು. ಅಡ್ಡಗೋಡೆ ಚಿಪ್ಪಿಗೆ ಕೂಡುವ ಗೆರೆಯ ಅಂಕುಡೊಂಕು ಒಂದೊಂದು ಜಾತಿಗೆ ಒಂದೊಂದು ಬಗೆ. ಈ ಜಾತಿಗಳು ಬೇಗ ಬೇಗ ಹುಟ್ಟಿ ಅಳಿದು, ಕಡಲೆಲ್ಲ ಹರಡುತ್ತಿದ್ದುದರಿಂದ, ಅರಿಯಲೂರಿನ ಒಂದು ಸ್ತರ ಮಡಗಾಸ್ಕರಿನ ಅಥವಾ ಯುರೋಪಿನ ಯಾವ ಸ್ತರಕ್ಕೆ ಸಮಕಾಲೀನವೆಂದು ಹೇಳಲು ಅಮೊನೈಟ್‌ಗಳೇ ಅಳತೆಗೋಲಾಗಿವೆ.

ಅಮೊನೈಟ್ ಮುಳಬಾಗಿಲಿಗೆ ಅಪರಿಚಿತವೂ ಅಲ್ಲ. ಶ್ರೀಪಾದರಾಜರ ಮಠವಿರುವ ನರಸಿಂಹತೀರ್ಥದ ಈ ಊರಿನಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ನೇಪಾಳದ ಕಾಳಿ ಗಂಡಕಿಯ ಪಾತ್ರದಿಂದ ಬರುವ ಆ ಕಪ್ಪು ಕಲ್ಲಿನ ಒಳಗಿನ ಚಕ್ರದ ಗುರುತು ಸುಮಾರು 15 ಕೋಟಿ ವರ್ಷಗಳ ಹಿಂದಿನ ಅಮೊನೈಟ್‌ನದು; ಹಿಮಾಲಯ ಎದ್ದುನಿಲ್ಲುವ ಮೊದಲು ಆ ಜಾಗದಲ್ಲಿದ್ದ ಟೆಥಿಸ್ ಎಂಬ ಕಡಲಿನ ತಳದಲ್ಲಿ ಅದು ಹೂತುಹೋಗಿತ್ತು. ಪೂಜೆಯ ವಸ್ತುವಿನ ಬಗೆಗಿನ ಗೌರವಕ್ಕೆ ಚ್ಯುತಿ ಬಾರದಂತೆ ಈ ಸಂಗತಿಯನ್ನು ಹೇಳಬಹುದು, ಹೇಳಬೇಕು ಕೂಡ. ಪಾವಿತ್ರ್ಯ ಮತ್ತು ಪ್ರಾಚೀನತೆ ಒಂದನ್ನೊಂದು ತಳ್ಳಿಹಾಕುವ ಸಂಗತಿಗಳಲ್ಲ. ಕಲ್ಲಿನಲ್ಲಿ ಉಳಿದ ಜೀವವನ್ನು ಜೋಪಾನವಾಗಿ ಕಾಯುವ ಒಂದು ಸಂಪ್ರದಾಯ ಮನೆಯಲ್ಲಿಯೇ ಇದೆಯೆಂಬುದು ವಿದ್ಯಾರ್ಥಿಗಳಿಗೆ ತಿಳಿದರೆ ಪಳೆಯುಳಿಕೆಯ ಸಂರಕ್ಷಣೆಯ ಮಾತು ಅವರಿಗೆ ಹೊರಗಿನ ಉಪದೇಶವಾಗಿ ಕೇಳಿಸುವುದಿಲ್ಲ.

ಅರಿಯಲೂರಿನ ಕಡಲಿನಲ್ಲಿ ಸರೀಸೃಪಗಳೂ ಇದ್ದವು. ಊಟ್ಟತ್ತೂರು ಸ್ತರಗಳಲ್ಲಿ ಸಿಕ್ಕ ಬೆನ್ನುಮೂಳೆಗಳನ್ನು ಆಧರಿಸಿ ರಿಚರ್ಡ್ ಲೈಡೆಕ್ಕರ್ 1879ರಲ್ಲಿ ಇಕ್ತಿಯೊಸಾರಸ್ ಇಂಡಿಕಸ್ ಎಂಬ ಹೆಸರನ್ನು ಕೊಟ್ಟರು. ಇಕ್ತಿಯೊಸಾರ್ ಎಂದರೆ ಮೀನಿನ ಆಕಾರ ತಳೆದ, ಆದರೆ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕಿದ್ದ ಕಡಲ ಸರೀಸೃಪ. ಎಲುಬಿನ ತುಂಡನ್ನು ನೋಡಿ ಪ್ರಾಣಿಯನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದಕ್ಕೂ ಈ ಸೀಮೆಯೇ ಉದಾಹರಣೆ ಒದಗಿಸಿದೆ. 1979ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ವಿಜ್ಞಾನಿಗಳು ದ್ರಾವಿಡೊಸಾರಸ್ ಬ್ಲ್ಯಾನ್‌ಫರ್ಡಿ ಎಂದು ಹೆಸರಿಟ್ಟು, ಬೆನ್ನ ಮೇಲೆ ಫಲಕಗಳಿದ್ದ ಡೈನೋಸಾರ್ ಎಂದು ವರ್ಣಿಸಿದ ಎಲುಬುಗಳನ್ನು 1996ರಲ್ಲಿ ಬೇರೆ ಇಬ್ಬರು ವಿಜ್ಞಾನಿಗಳು ಪ್ಲೀಸಿಯೊಸಾರ್ ಎಂಬ ಉದ್ದ ಕತ್ತಿನ ಕಡಲ ಸರೀಸೃಪದ ಶಿಥಿಲ ಅವಶೇಷಗಳೆಂದು ವಾದಿಸಿದರು.

ಹಾರುವ ಸರೀಸೃಪದ ವಿಷಯದಲ್ಲಿ ಭಾರತದ ದಾಖಲೆ ಇನ್ನೂ ಬಡವಾಗಿದೆ. ಪ್ರಾಣಹಿತಾ ನದಿಯ ದಂಡೆಯ ಕೋಟಾ ಗ್ರಾಮದ ಹೆಸರನ್ನು ಹೊತ್ತ, ಮೀನುಗಳ ಪಳೆಯುಳಿಕೆಗಳಿಗೆ ಪ್ರಸಿದ್ಧವಾದ ಜುರಾಸಿಕ್ ಸುಣ್ಣಕಲ್ಲಿನಿಂದ ದೊರೆತ ದವಡೆಯ ತುಣುಕೊಂದನ್ನು ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಸ್.ಎಲ್. ಜೈನ್ 1974ರಲ್ಲಿ ಟೆರೊಸಾರ್ ಎಂದು ಪ್ರಕಟಿಸಿ, ಕ್ಯಾಂಪಿಲೊಗ್ನಥಾಯ್ಡಿಸ್ ಇಂಡಿಕಸ್ ಎಂದು ಹೆಸರಿಸಿದರು. ಆ ಲೇಖನ ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕದಲ್ಲಿ. 1958ರಲ್ಲಿ ಆರಂಭವಾದ ಆ ಸಂಘವನ್ನು ಕಟ್ಟಿ ಬೆಳೆಸಿದವರು ಕನ್ನಡ ನಾಡಿನ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ. 2008ರಲ್ಲಿ ಅಮೆರಿಕದ ಕೆವಿನ್ ಪೇಡಿಯನ್ ಆ ತುಣುಕು ಟೆರೊಸಾರ್‌ನದೇ ಎಂಬುದು ಸಂಶಯಾಸ್ಪದ, ಮೀನಿನದೂ ಆಗಿರಬಹುದು ಎಂದರು. ವಿದ್ಯಾರ್ಥಿಗಳಿಗೆ ಇದನ್ನು ನಿರಾಶೆಯ ಸುದ್ದಿಯಾಗಿ ಹೇಳಬೇಕಾದುದಿಲ್ಲ. ಒಂದು ಉಪಖಂಡದ ಆಕಾಶದ ಇತಿಹಾಸದಲ್ಲಿ ಇಷ್ಟು ದೊಡ್ಡ ಪುಟ ಖಾಲಿಯಿದೆಯೆಂದರೆ, ಅದನ್ನು ತುಂಬುವ ಕೆಲಸ ಈಗ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿರುವವರಿಗಾಗಿ ಉಳಿದಿದೆ ಎಂದರ್ಥ.

ಉಳಿದಿರುವುದು ಉಳಿಯಬೇಕಾದರೆ ಜಾಗ್ರತೆ ಬೇಕು. ಅರಿಯಲೂರು ಜಿಲ್ಲೆಯ ಕಲ್ಲಮೇಡುವಿನಲ್ಲಿ ಸಿಕ್ಕಿ, 1987ರಲ್ಲಿ ಬೃಹತ್ಕಾಯೊಸಾರಸ್ ಮ್ಯಾಟ್ಲಿಯಿ ಎಂದು ಹೆಸರು ಪಡೆದ ದೈತ್ಯ ಡೈನೋಸಾರ್‌ನ ಕಾಲಿನ ಎಲುಬು ಸುಮಾರು ಎರಡು ಮೀಟರ್ ಉದ್ದವಿತ್ತೆಂದು ವರದಿಯಾಗಿತ್ತು. ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳ ಸಾಲಿಗೆ ಸೇರಬಹುದಾಗಿದ್ದ ಆ ಮಾದರಿ, ಪ್ಲಾಸ್ಟರ್ ಕವಚದೊಳಗೇ ಶಿಥಿಲವಾಗಿ ಪುಡಿಯಾಗಿಹೋಯಿತು. ಇಂದು ಅದರ ಹೆಸರಿದೆ, ರೇಖಾಚಿತ್ರಗಳಿವೆ, 2022ರಲ್ಲಿ ಬೆಳಕಿಗೆ ಬಂದ ಕೆಲವು ಹಳೆಯ ಛಾಯಾಚಿತ್ರಗಳಿವೆ, ಎಲುಬು ಮಾತ್ರ ಇಲ್ಲ; ಅದು ಎಲುಬೇ ಅಥವಾ ಕಲ್ಲಾದ ಮರವೇ ಎಂದು ಕೇಳಿದವರಿಗೆ ತೋರಿಸಿ ಉತ್ತರಿಸುವ ದಾರಿಯೇ ಮುಚ್ಚಿಹೋಯಿತು. ಇನ್ನೊಂದೆಡೆ ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿಗೆ ಒಳ್ಳೆಯ ಕಚ್ಚಾವಸ್ತುವಾದ್ದರಿಂದ ಆ ಕಡಲಿನ ಚಿಪ್ಪುಗಳು ಟನ್ನುಗಟ್ಟಲೆ ಗೂಡುಗಳಲ್ಲಿ ಬೆಂದು ದಕ್ಷಿಣ ಭಾರತದ ಮನೆಗಳ ಗೋಡೆಯನ್ನು ಸೇರುತ್ತಿವೆ. ಗಣಿಯೇ ಹೊಸ ಪಳೆಯುಳಿಕೆಗಳನ್ನು ಬಯಲಿಗೆ ತರುತ್ತದೆ ಎಂಬುದೂ ನಿಜವೇ. ಆದರೆ ಬಯಲಾದುದನ್ನು ಅರೆಯುವ ಯಂತ್ರಕ್ಕಿಂತ ಮೊದಲು ನೋಡುವ ಕಣ್ಣೊಂದು ಅಲ್ಲಿರಬೇಕು. ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ಕಾಪಾಡುವ ಮಸೂದೆಯೊಂದರ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಂಥ ಕಾನೂನಿನ ಅಗತ್ಯವನ್ನು ಅರಿತ ನಾಗರಿಕರು ಶಾಲೆಯ ಕೊಠಡಿಯಲ್ಲಿಯೇ ತಯಾರಾಗಬೇಕಾಗಿದೆ.

ಆದ್ದರಿಂದ ಅಧ್ಯಾಪಕ ವರ್ಗದಲ್ಲಿ ವಿನಂತಿ ಇಷ್ಟು. ಶಿಲೆಗಳ ಪಾಠವನ್ನು ಶಾಲೆಯ ಹಿಂದಿನ ಬಂಡೆಯಿಂದಲೇ ತೊಡಗಬೇಕು. ಅದೇ ವರ್ಷದ ಒಂದು ದಿನವನ್ನು ಪೆದ್ದಪಲ್ಲಿಯ ಲಾವಾಗಳಿಗೆ ಮೀಸಲಿಡಬೇಕು, ಸುತ್ತಿಗೆಯನ್ನು ಮಾತ್ರ ಶಾಲೆಯಲ್ಲಿಯೇ ಬಿಟ್ಟು ಹೋಗಬೇಕು. ಎರಡು ದಿನಗಳ ಪ್ರವಾಸಕ್ಕೆ ಅನುಕೂಲವಿರುವ ಶಾಲೆಗಳು ಮಹಾಬಲಿಪುರ, ತಂಜಾವೂರುಗಳ ಪಟ್ಟಿಗೆ ಸಾತನೂರು ಮತ್ತು ಅರಿಯಲೂರುಗಳನ್ನು ಸೇರಿಸಿಕೊಳ್ಳಬಹುದು, ತಂಜಾವೂರಿಗೆ ಹೋಗುವವರಿಗೆ ಅದು ದೊಡ್ಡ ಸುತ್ತೇನಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆಗೆ ಕಾರೈನ ಜೇಡಿ ಕಾಲಿಡಲಾಗದಷ್ಟು ಜಾರುತ್ತದೆ, ಮಾರ್ಚ್ ಕಳೆದರೆ ಆ ಬೋಳು ದಿಬ್ಬಗಳಲ್ಲಿ ನೆರಳೆಂಬುದೇ ಇಲ್ಲ. ಸಂಕ್ರಾಂತಿಯ ನಂತರದ ಕೆಲವು ವಾರಗಳೇ ತಕ್ಕ ಸಮಯ. ಅಲ್ಲಿ ಕಂಡ ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಬಂದರೆ ಅದು ಯಾವ ಸ್ತರದ್ದೆಂಬ ಮಾಹಿತಿ ಕಳೆದುಹೋಗಿ ಬರಿಯ ಕಲ್ಲಾಗುತ್ತದೆಯಾದ್ದರಿಂದ, ವಿದ್ಯಾರ್ಥಿಗಳು ಪಕ್ಕದಲ್ಲಿ ಒಂದು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಜಾಗವನ್ನೂ ಸುತ್ತಲಿನ ಕಲ್ಲಿನ ಬಣ್ಣವನ್ನೂ ಪುಸ್ತಕದಲ್ಲಿ ಬರೆದುಕೊಂಡು, ವಸ್ತುವನ್ನು ಇದ್ದಲ್ಲಿಯೇ ಬಿಡಬೇಕು. ತಮ್ಮದೇ ತಾಲ್ಲೂಕಿನ ಕ್ವಾರಿಯಲ್ಲಾಗಲಿ ಬಾವಿಯಲ್ಲಾಗಲಿ ವಿಚಿತ್ರವಾದುದೇನಾದರೂ ಕಂಡರೆ ಅದೇ ಕ್ರಮದಲ್ಲಿ ದಾಖಲಿಸಿ, ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕಚೇರಿಗೆ ಶಾಲೆಯ ಮೂಲಕವೇ ಪತ್ರ ಬರೆಯಿಸಬೇಕು. ಆ ಪತ್ರವನ್ನು ಅಧ್ಯಾಪಕರು ಬರೆಯದೆ, ಕಂಡ ವಿದ್ಯಾರ್ಥಿಯೇ ತನ್ನ ಕೈಬರಹದಲ್ಲಿ, ಅಳತೆ ಮತ್ತು ಚಿತ್ರಗಳೊಂದಿಗೆ ಬರೆಯುವಂತಾಗಲಿ.